ಕಡೆಯ ಸ್ಥಾನದವರ ಕಿರೀಟ

ಲೋಕವ್ಯವಹಾರದಲ್ಲಿ ಸ್ಥಾನನಿರ್ಣಯದ ಪಟ್ಟಿಗಳಿಗೆ ಲೆಕ್ಕವಿಲ್ಲ. ಪಾಠಶಾಲೆಯಲ್ಲಿ ಒಂದು ಪಟ್ಟಿ, ಉದ್ಯೋಗದಲ್ಲಿ ಒಂದು ಪಟ್ಟಿ, ಮದುವೆಯ ಮನೆಯಲ್ಲಿ ಮರ್ಯಾದೆಯ ತಾಂಬೂಲಕ್ಕೂ ಒಂದು ಪಟ್ಟಿ. ಪಟ್ಟಿಯ ನೆತ್ತಿಯಲ್ಲಿರುವವನನ್ನು ಜನರು ಕೊಂಡಾಡುತ್ತಾರೆ. ಅಡಿಯಲ್ಲಿರುವವನನ್ನು ಕಂಡು ನಗುತ್ತಾರೆ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಗೌರವಪರೀಕ್ಷೆಯಲ್ಲಿ ಕಟ್ಟಕಡೆಯವನಾಗಿ ತೇರ್ಗಡೆಯಾದವನಿಗೆ ಸಹಪಾಠಿಗಳು ಮರದ ಸೌಟೊಂದನ್ನು ಕೊಟ್ಟು ಪರಿಹಾಸ ಮಾಡುವ ಪದ್ಧತಿಯಿತ್ತು. ೧೯೦೯ರಲ್ಲಿ ಆ ಪದ್ಧತಿ ನಿಂತಿತು. ಆದರೆ ಮಾತು ನಿಲ್ಲದೆ ಆಟದ ಬಯಲುಗಳಿಗೆ ವಲಸೆ ಹೋಯಿತು. ಆಸ್ಟ್ರೇಲಿಯಾ ದೇಶದಲ್ಲಿ ಕಾಲ್ಚೆಂಡಿನ ಸ್ಪರ್ಧೆಯಲ್ಲಿ ಕೊನೆಯ ಸ್ಥಾನಕ್ಕೆ ಇಳಿದ ತಂಡವನ್ನು ಕುರಿತು "ಅವರಿಗೆ ಮರದ ಸೌಟು ದೊರೆಯಿತು" ಎಂದು ಇಂದಿಗೂ ಹೇಳುವ ರೂಢಿಯಿದೆ.

ಅದೇ ದೇಶದಲ್ಲಿ ೧೯೧೬ನೆಯ ಇಸವಿಯಲ್ಲಿ ಒಂದು ವಿಚಿತ್ರ ಸಂಗತಿ ನಡೆಯಿತು. ಮರದ ಸೌಟು ಯಾರ ಪಾಲಿಗೆ ಬಂದಿತೋ ಅವರ ಪಾಲಿಗೇ ಅದೇ ವರ್ಷದ ಕಿರೀಟವೂ ಬಂದಿತು. ಆ ಸ್ಪರ್ಧೆಯ ನೂರಿಪ್ಪತ್ತೈದಕ್ಕೂ ಹೆಚ್ಚು ವರ್ಷಗಳ ಚರಿತ್ರೆಯಲ್ಲಿ ಇಂತಹದು ಅದಕ್ಕೆ ಮೊದಲೂ ನಡೆಯಲಿಲ್ಲ, ಅನಂತರವೂ ನಡೆದಿಲ್ಲ. ಕೇಳಿದವರು ಮೊದಲು ನಗುವರು. ಆದರೆ ಆ ವರ್ಷ ಯಾವುದೆಂಬುದನ್ನು ನೆನೆದರೆ ನಗೆ ತುಟಿಯಲ್ಲಿಯೇ ನಿಲ್ಲುವುದು. ಆದಕಾರಣ ಈ ತಿಂಗಳು ಆ ಪ್ರಸಂಗವನ್ನು ನಮ್ಮ ವಾಚಕರ ಮುಂದಿಡಬೇಕೆಂದು ಸಂಕಲ್ಪಿಸಿದ್ದೇವೆ.

ಮೊದಲು ಆಟದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳುವುದು ಯುಕ್ತ. ನಮ್ಮ ಊರುಗಳ ಹುಡುಗರು ಆಡುವ ಕಾಲ್ಚೆಂಡಾಟಕ್ಕೂ ಇದಕ್ಕೂ ಹೆಸರಿನಲ್ಲಿ ಮಾತ್ರ ಸಾಮ್ಯ. ಮೆಲ್ಬರ್ನ್ ನಗರದಲ್ಲಿ ೧೮೫೯ರಲ್ಲಿ ಇದರ ನಿಯಮಗಳನ್ನು ಮೊದಲು ಬರೆದಿಟ್ಟರು. ಬಯಲು ಮೊಟ್ಟೆಯಾಕಾರದ್ದು, ಚೆಂಡೂ ಮೊಟ್ಟೆಯಾಕಾರದ್ದು. ಒಂದೊಂದು ಪಕ್ಷದಲ್ಲಿ ಹದಿನೆಂಟು ಜನರು ಬಯಲಿಗಿಳಿಯುತ್ತಾರೆ. ಚೆಂಡನ್ನು ಕಾಲಿನಿಂದ ಒದೆಯಬಹುದು, ಕೈಯಲ್ಲಿ ಹಿಡಿಯಬಹುದು, ಹಿಡಿದುಕೊಂಡು ಓಡಲೂಬಹುದು. ಬಯಲಿನ ಎರಡು ಕೊನೆಗಳಲ್ಲಿಯೂ ನಾಲ್ಕು ನಾಲ್ಕು ಕಂಬಗಳಿರುತ್ತವೆ. ನಡುವಣ ಎರಡು ಎತ್ತರದ ಕಂಬಗಳ ಮಧ್ಯೆ ಚೆಂಡನ್ನು ಒದ್ದು ದಾಟಿಸಿದರೆ ಅದು ಗೋಲು, ಬೆಲೆ ಆರು ಅಂಕ. ಗುರಿ ತುಸು ತಪ್ಪಿ ಪಕ್ಕದ ಕಂಬದೊಳಗೆ ಹೋದರೂ ಪ್ರಯತ್ನ ಪೂರ್ತಿ ವ್ಯರ್ಥವಲ್ಲ. ಒಂದು ಅಂಕ ಸಲ್ಲುತ್ತದೆ. ಗುರಿಯ ಸಮೀಪಕ್ಕೆ ಹೋದವನಿಗೂ ಏನಾದರೊಂದು ಕೊಡಬೇಕೆಂಬ ಈ ಔದಾರ್ಯವು ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಿದ ನಮ್ಮಂಥವರಿಗೆ ಬಹಳ ಹಿಡಿಸುತ್ತದೆ.

ವಿಕ್ಟೋರಿಯಾ ಪ್ರಾಂತದ ಎಂಟು ಸಂಘಗಳು ಕೂಡಿ ೧೮೯೭ರಲ್ಲಿ ವಿಕ್ಟೋರಿಯನ್ ಫುಟ್‌ಬಾಲ್ ಲೀಗ್ ಎಂಬ ಹೆಸರಿನಿಂದ ಸ್ಪರ್ಧೆಯನ್ನು ಆರಂಭಿಸಿದುವು. ೧೯೦೮ರಲ್ಲಿ ಇನ್ನೆರಡು ಸೇರಿದುವು. ಅವುಗಳಲ್ಲೊಂದಾದ ವಿಶ್ವವಿದ್ಯಾನಿಲಯದ ಸಂಘವು ೧೯೧೪ರ ಋತು ಮುಗಿದ ಮೇಲೆ ಬಿಟ್ಟುಹೋಯಿತು. ಹೀಗೆ ಒಂಬತ್ತು ಉಳಿದುವು. ಆ ವರ್ಷದ ಆಗಸ್ಟಿನಲ್ಲಿಯೇ ಯೂರೋಪಿನಲ್ಲಿ ಮಹಾಯುದ್ಧವು ಹೊತ್ತಿಕೊಂಡಿತ್ತು. ಆಸ್ಟ್ರೇಲಿಯಾ ಬ್ರಿಟಿಷ್ ಸಾಮ್ರಾಜ್ಯದ ಅಂಗವಾಗಿದ್ದುದರಿಂದ ಅದೂ ಯುದ್ಧಕ್ಕೆ ಸೇರಿತು. ಐವತ್ತು ಲಕ್ಷಕ್ಕೂ ಕಡಿಮೆ ಜನಸಂಖ್ಯೆಯ ಆ ದೇಶದಿಂದ ತರುಣರು ತಮ್ಮ ಇಚ್ಛೆಯಿಂದಲೇ ಸಾಲುಸಾಲಾಗಿ ಹಡಗು ಹತ್ತಿದರು. ೧೯೧೫ರ ಏಪ್ರಿಲ್‌ನಲ್ಲಿ ಗ್ಯಾಲಿಪೊಲಿಯ ತೀರದಲ್ಲಿ ಅವರ ರಕ್ತ ಹರಿಯಿತು. ಗಾಯಾಳುಗಳ ಮತ್ತು ಮೃತರ ಹೆಸರುಗಳು ವೃತ್ತಪತ್ರಿಕೆಗಳ ಅಂಕಣಗಳನ್ನು ತುಂಬತೊಡಗಿದುವು.

ಆಗ ಎದ್ದಿತು ಪ್ರಶ್ನೆ: ಇಂತಹ ಕಾಲದಲ್ಲಿ ಆಟವಾಡುವುದು ಧರ್ಮವೆ?

ಒಂದು ಪಕ್ಷದವರು ಹೀಗೆ ವಾದಿಸಿದರು. ಮನೆಯಲ್ಲಿ ಸೂತಕವಿರುವಾಗ ಅಂಗಳದಲ್ಲಿ ಕುಣಿತ ಹೇಗೆ ಸಲ್ಲುವುದು? ಗಟ್ಟಿಮುಟ್ಟಾದ ತರುಣರು ಚೆಂಡಿನ ಹಿಂದೆ ಓಡುವುದನ್ನು ಬಿಟ್ಟು ದೇಶದ ಕಾರ್ಯಕ್ಕೆ ಹೋಗಲಿ. ನೋಡಲು ನೆರೆಯುವ ಸಾವಿರಾರು ಜನರೂ ಹೋಗಲಿ. ಇನ್ನೊಂದು ಪಕ್ಷದವರ ಉತ್ತರವೂ ಉಪೇಕ್ಷಿಸತಕ್ಕದ್ದಾಗಿರಲಿಲ್ಲ. ವಾರವೆಲ್ಲ ಕಾರ್ಖಾನೆಯಲ್ಲಿ ದುಡಿಯುವ ಬಡವನಿಗೆ ಶನಿವಾರದ ಮಧ್ಯಾಹ್ನ ಇರುವುದು ಇದೊಂದೇ ವಿಶ್ರಾಂತಿ. ಕುದುರೆಪಂದ್ಯಗಳು ನಿಂತಿರಲಿಲ್ಲ, ಮೆಲ್ಬರ್ನ್ ಕಪ್ ಎಂಬ ಪ್ರಸಿದ್ಧ ಪಂದ್ಯವು ಯುದ್ಧದ ಒಂದು ವರ್ಷವೂ ತಪ್ಪದೆ ನಡೆಯಿತು. ಉಳ್ಳವರ ವಿನೋದವನ್ನು ಹಾಗೆಯೇ ಬಿಟ್ಟು ಇಲ್ಲದವರ ವಿನೋದವನ್ನು ಮಾತ್ರ ಅಧರ್ಮವೆನ್ನುವುದು ಯಾವ ನ್ಯಾಯ? ಸೇನೆಗೆ ಸೇರಲಾರದ ವಯಸ್ಸಿನವರು, ಸಂಸಾರದ ಭಾರವುಳ್ಳವರು, ವೈದ್ಯನು ತಿರಸ್ಕರಿಸಿದವರು ಇವರೆಲ್ಲ ಮನೆಯಲ್ಲಿ ಕುಳಿತು ನಿಟ್ಟುಸಿರು ಬಿಟ್ಟರೆ ರಣರಂಗದಲ್ಲಿರುವವನಿಗೆ ಆಗುವ ಉಪಕಾರವೇನು?

ಉಭಯ ಪಕ್ಷಗಳ ಮಾತಿನಲ್ಲಿಯೂ ಸತ್ಯಾಂಶವಿತ್ತು. ಉಭಯರ ಮನೆಗಳಿಂದಲೂ ಮಕ್ಕಳು ಯುದ್ಧಕ್ಕೆ ಹೋಗಿದ್ದರು. ಕೊನೆಗೆ ೧೯೧೬ರ ಋತು ಬಂದಾಗ ಮೆಲ್ಬರ್ನ್, ಸೌತ್ ಮೆಲ್ಬರ್ನ್, ಎಸೆಂಡನ್, ಜೀಲಾಂಗ್, ಸೇಂಟ್ ಕಿಲ್ಡಾ ಎಂಬ ಐದು ಸಂಘಗಳು ಆಡುವುದಿಲ್ಲವೆಂದು ಹಿಂದೆ ಸರಿದುವು. ಇವುಗಳಲ್ಲಿ ಸೇಂಟ್ ಕಿಲ್ಡಾದವರ ಒಂದು ಸಂಗತಿ ಸ್ವಾರಸ್ಯವಾಗಿದೆ. ಅವರ ಅಂಗಿಯ ಕೆಂಪು, ಬಿಳಿ, ಕಪ್ಪು ಬಣ್ಣಗಳೇ ಜರ್ಮನ್ ಸಾಮ್ರಾಜ್ಯದ ಧ್ವಜದಲ್ಲಿಯೂ ಇದ್ದುವು. ೧೯೧೫ರಲ್ಲಿ ಅವರು ಬಿಳಿಯನ್ನು ಬಿಟ್ಟು ಹಳದಿಯನ್ನು ಸೇರಿಸಿ ಮಿತ್ರರಾಷ್ಟ್ರವಾದ ಬೆಲ್ಜಿಯಂ ದೇಶದ ಬಣ್ಣಗಳನ್ನು ತೊಟ್ಟರು. ಅಂಗಿಯ ಬಣ್ಣವೂ ಅಂತಃಕರಣಕ್ಕೆ ಚುಚ್ಚುತ್ತಿದ್ದ ಕಾಲ ಅದು.

ಉಳಿದುವು ನಾಲ್ಕು: ಕಾರ್ಲ್‌ಟನ್, ಕಾಲಿಂಗ್‌ವುಡ್, ರಿಚ್ಮಂಡ್, ಫಿಟ್ಜರಾಯ್. ಈ ನಾಲ್ಕೂ ಮೆಲ್ಬರ್ನಿನ ನಡುಪೇಟೆಯನ್ನು ಒತ್ತಿಕೊಂಡಿರುವ ಕೇರಿಗಳು. ಆ ಕಾಲದಲ್ಲಿ ಕೂಲಿಕಾರರೂ ಕುಶಲಕರ್ಮಿಗಳೂ ಇಕ್ಕಟ್ಟಾದ ಮನೆಗಳಲ್ಲಿ ಹೆಚ್ಚಾಗಿ ವಾಸಿಸುತ್ತಿದ್ದ ಕೇರಿಗಳು. ಆಟಗಾರರು ಸಂಬಳವನ್ನು ಬಿಟ್ಟು ಕೈಖರ್ಚನ್ನು ಮಾತ್ರ ಪಡೆಯತಕ್ಕದ್ದು, ವೆಚ್ಚ ಕಳೆದು ಉಳಿದ ಹಣವನ್ನು ಯುದ್ಧದ ಸಹಾಯನಿಧಿಗಳಿಗೆ ಸಲ್ಲಿಸತಕ್ಕದ್ದು ಎಂಬ ಕಟ್ಟಳೆಯೊಡನೆ ಅವರು ಬಯಲಿಗಿಳಿದರು. ಆದಾಗ್ಯೂ ಅವರಿಗೆ ನಿಂದೆ ತಪ್ಪಲಿಲ್ಲ.

ಮೇ ತಿಂಗಳಲ್ಲಿ ಋತು ಆರಂಭವಾಯಿತು. ಆ ದೇಶದಲ್ಲಿ ಅದು ಚಳಿಗಾಲದ ಮುಂಬಾಗಿಲು. ತಂಡಗಳು ನಾಲ್ಕೇ ಆದುದರಿಂದ ಪ್ರತಿಯೊಂದು ತಂಡವೂ ಉಳಿದ ಮೂರರೊಡನೆ ನಾಲ್ಕು ನಾಲ್ಕು ಬಾರಿ, ಒಟ್ಟು ಹನ್ನೆರಡು ಪಂದ್ಯಗಳನ್ನು ಆಡಿತು. ಕಾರ್ಲ್‌ಟನ್ ೧೯೧೪ ಮತ್ತು ೧೯೧೫ ಎರಡೂ ವರ್ಷಗಳ ವಿಜಯಿ. ಈ ವರ್ಷವೂ ಹತ್ತರಲ್ಲಿ ಗೆದ್ದು ಎರಡರಲ್ಲಿ ಮಾತ್ರ ಸೋತು ಅಗ್ರಸ್ಥಾನದಲ್ಲಿ ನಿಂತಿತು. ಕಾಲಿಂಗ್‌ವುಡ್ ಆರು ಗೆಲವು, ಐದು ಸೋಲು, ಒಂದು ಸಮ. ರಿಚ್ಮಂಡ್ ಐದು ಗೆಲವು, ಏಳು ಸೋಲು. ಫಿಟ್ಜರಾಯ್ ತಂಡದ ಲೆಕ್ಕ ಮಾತ್ರ ಶೋಚನೀಯ: ಗೆಲವು ಎರಡು, ಸೋಲು ಒಂಬತ್ತು, ಸಮ ಒಂದು. ಗೆಲವಿಗೆ ನಾಲ್ಕು, ಸಮಕ್ಕೆ ಎರಡು ಎಂಬ ಗಣನೆಯಲ್ಲಿ ಕಾರ್ಲ್‌ಟನ್ನಿಗೆ ನಲವತ್ತು, ಫಿಟ್ಜರಾಯಿಗೆ ಹತ್ತು. ಮರದ ಸೌಟು ಯಾರಿಗೆ ಎಂಬುದರಲ್ಲಿ ಸಂದೇಹವೇ ಉಳಿಯಲಿಲ್ಲ.

ಇಲ್ಲಿಗೆ ಕಥೆ ಮುಗಿಯಬೇಕಾಗಿತ್ತು, ಮುಗಿಯಲಿಲ್ಲ. ಕಾರಣವೇನೆಂದರೆ, ಆ ಲೀಗಿನಲ್ಲಿ ಮೊದಲ ನಾಲ್ಕು ಸ್ಥಾನಗಳಲ್ಲಿ ನಿಂತ ತಂಡಗಳಿಗೆ ಅಂತ್ಯದಲ್ಲಿ ಬೇರೊಂದು ಪರೀಕ್ಷೆಯುಂಟು. ಮೆಲ್ಬರ್ನಿನ 'ಆರ್ಗಸ್' ಪತ್ರಿಕೆಯ ಹೆಸರಿನಿಂದ ಪ್ರಸಿದ್ಧವಾಗಿದ್ದ ಆ ಪದ್ಧತಿಯಲ್ಲಿ ಒಂದನೆಯದು ಮೂರನೆಯದರೊಡನೆ, ಎರಡನೆಯದು ನಾಲ್ಕನೆಯದರೊಡನೆ ಆಡಬೇಕು. ಗೆದ್ದ ಇಬ್ಬರು ಪರಸ್ಪರ ಎದುರಾಗಬೇಕು. ಹನ್ನೆರಡು ಪಂದ್ಯಗಳ ಕೊನೆಯಲ್ಲಿ ಅಗ್ರಸ್ಥಾನದಲ್ಲಿದ್ದ ತಂಡವು ಈ ಘಟ್ಟದಲ್ಲಿ ಸೋತರೆ, ವಿಜಯಿಯಾದವನನ್ನು ಮತ್ತೊಮ್ಮೆ ಕಣಕ್ಕೆ ಕರೆಯುವ ಹಕ್ಕು ಅದಕ್ಕೆ ಉಂಟು. ಒಂಬತ್ತು ತಂಡಗಳಿದ್ದಾಗ ನಾಲ್ಕನೆಯ ಸ್ಥಾನವೆಂದರೆ ಐವರನ್ನು ಹಿಂದಿಕ್ಕಿ ಗಳಿಸಿದ ಸ್ಥಾನ. ತಂಡಗಳೇ ನಾಲ್ಕಾದಾಗ ನಾಲ್ಕನೆಯದೆಂದರೆ ಕಡೆಯದು. ಆದರೂ ನಿಯಮವು ನಿಯಮವೇ. ಹೀಗೆ, ಒಂಬತ್ತು ಬಾರಿ ಸೋತ ಫಿಟ್ಜರಾಯಿಗೂ ಬಾಗಿಲು ತೆರೆದೇ ಇತ್ತು.

ಆ ಬಾಗಿಲಿನಿಂದ ಅವರು ಒಳಗೆ ಬಂದರು. ಮೊದಲು ಕಾಲಿಂಗ್‌ವುಡ್ಡನ್ನು ಸೋಲಿಸಿದರು. ಅತ್ತ ಕಾರ್ಲ್‌ಟನ್ ರಿಚ್ಮಂಡನ್ನು ಸೋಲಿಸಿತು. ಬಳಿಕ ಫಿಟ್ಜರಾಯ್ ಕಾರ್ಲ್‌ಟನ್ನನ್ನು ಸೋಲಿಸಿತು. ಕಾರ್ಲ್‌ಟನ್ ತನ್ನ ಹಕ್ಕನ್ನು ಉಪಯೋಗಿಸಿ ಮತ್ತೊಮ್ಮೆ ಕರೆಯಿತು. ೧೯೧೬ನೆಯ ಸೆಪ್ಟೆಂಬರ್ ೨ನೆಯ ತಾರೀಖು ಶನಿವಾರ, ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಅಂತಿಮ ನಿರ್ಣಯವಾಯಿತು. ಫಿಟ್ಜರಾಯ್ ಹನ್ನೆರಡು ಗೋಲು, ಹದಿಮೂರು ಬಿಡಿ ಅಂಕ, ಒಟ್ಟು ೮೫. ಕಾರ್ಲ್‌ಟನ್ ಎಂಟು ಗೋಲು, ಎಂಟು ಬಿಡಿ ಅಂಕ, ಒಟ್ಟು ೫೬. ಇಪ್ಪತ್ತೊಂಬತ್ತು ಅಂಕಗಳ ಅಂತರದಿಂದ ಕಡೆಯವರು ಮೊದಲಿಗರಾದರು.

ನೋಡಲು ಬಂದವರು ಸುಮಾರು ೨೧ ಸಾವಿರ ಜನ. ಹಿಂದಿನ ವರ್ಷದ ಅಂತಿಮ ಪಂದ್ಯಕ್ಕೆ ೩೯ ಸಾವಿರಕ್ಕೂ ಹೆಚ್ಚು ಮಂದಿ ಬಂದಿದ್ದರು. ಬಾರದವರು ಎಲ್ಲಿದ್ದರು? ಕೆಲವರು ಸಮುದ್ರದಾಚೆ, ಕೆಲವರು ಬಾಗಿಲು ಹಾಕಿಕೊಂಡು ಮನೆಯಲ್ಲಿ. ಆ ಋತುವಿನ ನಡುವೆಯೇ, ಜುಲೈ ೧೯ರ ಸಂಜೆಯಿಂದ ಮರುದಿನದವರೆಗೆ, ಫ್ರಾನ್ಸಿನ ಫ್ರೊಮೆಲ್ ಎಂಬಲ್ಲಿ ಒಂದೇ ರಾತ್ರಿಯಲ್ಲಿ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಸೇರಿ ೫,೫೩೩ ಮಂದಿ ಆಸ್ಟ್ರೇಲಿಯನ್ನರು ನಷ್ಟವಾದರು. ಅದಾದ ಮೂರೇ ದಿನಗಳಲ್ಲಿ ಪೊಜಿಯೇ ಎಂಬ ಗ್ರಾಮದ ಸುತ್ತ ಆರಂಭವಾದ ಕಾಳಗಗಳಲ್ಲಿ ಏಳು ವಾರಗಳೊಳಗೆ ಇನ್ನೂ ಸುಮಾರು ೨೩ ಸಾವಿರ. ತಂತಿಯ ವರ್ತಮಾನವನ್ನು ಹಿಡಿದು ಯಾರಾದರೂ ಬಾಗಿಲಿಗೆ ಬಂದಾರೆಂದು ತಾಯಂದಿರು ಬೀದಿಯ ಸಪ್ಪಳಕ್ಕೆ ನಡುಗುತ್ತಿದ್ದ ದಿನಗಳು ಅವು. ಅಂತಿಮ ಪಂದ್ಯಕ್ಕೆ ಮೂರೇ ದಿನ ಮೊದಲು, ಆಗಸ್ಟ್ ೩೦ರಂದು, ಪ್ರಧಾನಮಂತ್ರಿ ಬಿಲ್ಲಿ ಹ್ಯೂಸ್ ಅವರು ತರುಣರನ್ನು ಕಡ್ಡಾಯವಾಗಿ ಸಮುದ್ರದಾಚೆಯ ಯುದ್ಧಕ್ಕೆ ಕಳುಹಿಸಬಹುದೆ ಎಂಬ ವಿಷಯವನ್ನು ಜನರ ಮತಕ್ಕೆ ಹಾಕುವುದಾಗಿ ಪ್ರಕಟಿಸಿದ್ದರು. ಆಟದ ಬಯಲಿನಲ್ಲಿ ಕುಳಿತಿದ್ದ ತರುಣರಿಗೆ ಚೆಂಡಿಗಿಂತ ಭಾರವಾದ ಚಿಂತೆಯಿತ್ತೆಂದು ಊಹಿಸುವುದು ಕಷ್ಟವಲ್ಲ.

ಈಗ ವಿಚಾರಕ್ಕೆ ಬರೋಣ. ಫಿಟ್ಜರಾಯಿಗೆ ದೊರೆತ ಕಿರೀಟವು ನ್ಯಾಯವಾದುದೆ?

ನಮ್ಮ ಶಾಸ್ತ್ರಕಾರರು 'ಕಾಕತಾಳೀಯ ನ್ಯಾಯ' ಎಂಬುದೊಂದನ್ನು ಹೇಳುತ್ತಾರೆ. ಕಾಗೆ ತಾಳೆಯ ಮರದ ಮೇಲೆ ಬಂದು ಕುಳಿತುಕೊಳ್ಳುವುದಕ್ಕೂ ಹಣ್ಣು ಬೀಳುವುದಕ್ಕೂ ಸರಿಹೋಯಿತು. ಅಷ್ಟರಿಂದ ಕಾಗೆಯೇ ಹಣ್ಣನ್ನು ಬೀಳಿಸಿತೆನ್ನಲಾಗದು. ಫಿಟ್ಜರಾಯಿಯ ಜಯವೂ ಅಂತಹ ಆಕಸ್ಮಿಕವೆಂದು ಹೇಳುವವರುಂಟು. ಒಂದೇ ದಿನದ ಜಯವಾಗಿದ್ದರೆ ನಾವೂ ಒಪ್ಪುತ್ತಿದ್ದೆವು. ಆದರೆ ಕಾಗೆ ಮೂರು ಸಲ ಕುಳಿತು, ಮೂರು ಸಲವೂ ಹಣ್ಣು ಬಿದ್ದರೆ ಕಾಗೆಯ ಭಾರವನ್ನು ಸ್ವಲ್ಪ ಗಣಿಸಲೇಬೇಕು. ಅವರು ಎರಡನೆಯ ಸ್ಥಾನದವರನ್ನು ಒಂದು ಬಾರಿ, ಮೊದಲನೆಯ ಸ್ಥಾನದವರನ್ನು ಎರಡು ಬಾರಿ ಸೋಲಿಸಿದರು. ಹನ್ನೆರಡು ಪಂದ್ಯಗಳಲ್ಲಿ ಎರಡನ್ನೇ ಸೋತಿದ್ದ ಕಾರ್ಲ್‌ಟನ್ನಿಗೆ ಕೊನೆಯಲ್ಲಿ ಒಂದೇ ತಂಡದ ಕೈಯಲ್ಲಿ ಎರಡು ಸೋಲುಗಳು. ಅಲ್ಲದೆ ಫಿಟ್ಜರಾಯ್ ಹುಟ್ಟುದುರ್ಬಲವಾದ ಸಂಘವೂ ಅಲ್ಲ. ಅದಕ್ಕೆ ಮೊದಲೇ ಐದು ಬಾರಿ, ಕೊನೆಯದಾಗಿ ೧೯೧೩ರಲ್ಲಿ, ಕಿರೀಟ ಧರಿಸಿದ್ದ ಮನೆತನ ಅದು.

ಹಾಗಾದರೆ ಕಾರ್ಲ್‌ಟನ್ನಿಗೆ ಅನ್ಯಾಯವಾಯಿತೆ? ಸಂಸ್ಕೃತದಲ್ಲಿ 'ಸಮಯ' ಎಂಬ ಶಬ್ದಕ್ಕೆ ಕಾಲವೆಂಬ ಅರ್ಥವಲ್ಲದೆ, ಕೂಡಿ ಮಾಡಿಕೊಂಡ ಒಪ್ಪಂದವೆಂಬ ಅರ್ಥವೂ ಇದೆ. ಸಮಯವನ್ನು ಮೀರಬಾರದೆಂಬುದನ್ನು ಧರ್ಮಶಾಸ್ತ್ರಗಳು ವ್ಯವಹಾರದ ಒಂದು ಪ್ರಕರಣವಾಗಿಯೇ ಎತ್ತಿ ಹೇಳಿವೆ. ನಾಲ್ಕು ತಂಡಗಳೂ ಆಟಕ್ಕೆ ಮೊದಲೇ ಆ ಪದ್ಧತಿಯನ್ನು ಬಲ್ಲವು, ಅಂಗೀಕರಿಸಿಯೇ ಬಯಲಿಗಿಳಿದುವು. ಮರುಪಂದ್ಯದ ವಿಶೇಷ ಹಕ್ಕನ್ನು ಕಾರ್ಲ್‌ಟನ್ ಅನುಭವಿಸಿತು. ಫಲ ತನಗೆ ಪ್ರತಿಕೂಲವಾದ ಮೇಲೆ ನಿಯಮವನ್ನು ದೂಷಿಸುವ ಅಧಿಕಾರ ಯಾರಿಗೂ ಇಲ್ಲ. ದೀರ್ಘಕಾಲದ ಪರಿಶ್ರಮಕ್ಕೆ ಹೆಚ್ಚು ಮನ್ನಣೆ ಸಲ್ಲಬೇಕೋ, ಅಂತ್ಯಪರೀಕ್ಷೆಯ ದಿನದ ಸಾಮರ್ಥ್ಯಕ್ಕೋ ಎಂಬುದು ಬೇರೆ ಪ್ರಶ್ನೆ. ಅದನ್ನು ಆಟಕ್ಕೆ ಮೊದಲು ಕೇಳಬೇಕು, ಆಟ ಮುಗಿದ ಮೇಲಲ್ಲ. ಆ ಜಯವನ್ನು ಲೀಗಿನ ದಾಖಲೆಯಲ್ಲಿ ಇಂದಿಗೂ ಯಾವ ಷರಾ ಇಲ್ಲದೆ ಪೂರ್ಣವಿಜಯವೆಂದೇ ಎಣಿಸುತ್ತಾರೆ. ಅದು ಸರಿಯೆಂದೇ ನಮ್ಮ ಅಭಿಪ್ರಾಯ.

ಆದರೆ ಪಟ್ಟಿಗೆ ಒಂದು ದೌರ್ಬಲ್ಯವಿದೆ. ಬಂದವರ ಸ್ಥಾನವನ್ನು ಅದು ಹೇಳುವುದೇ ಹೊರತು ಬಾರದವರನ್ನು ಹೇಳುವುದಿಲ್ಲ. ಇದನ್ನು ತಿಳಿಸುವುದಕ್ಕೆ ಅದೇ ವರ್ಷದ ಇನ್ನೊಂದು ಪಂದ್ಯವನ್ನು ಹೇಳಬೇಕಾಗಿದೆ.

೧೯೧೬ನೆಯ ಅಕ್ಟೋಬರ್ ೨೮ರಂದು ಆಸ್ಟ್ರೇಲಿಯಾದಲ್ಲಿ ಕಡ್ಡಾಯ ಸೇನೆಯ ಪ್ರಶ್ನೆಗೆ ಜನರು ಮತ ಕೊಟ್ಟರು. ಬೇಡವೆಂದವರ ಸಂಖ್ಯೆ ಸುಮಾರು ೭೨ ಸಾವಿರದಷ್ಟು ಹೆಚ್ಚಾಗಿ ಪ್ರಸ್ತಾಪ ಬಿದ್ದುಹೋಯಿತು. ಅದೇ ದಿನ ಭೂಗೋಳದ ಇನ್ನೊಂದು ಕಡೆಯಲ್ಲಿ, ಲಂಡನ್ನಿನ ಕ್ವೀನ್ಸ್ ಕ್ಲಬ್ಬಿನ ಬಯಲಿನಲ್ಲಿ, ಆಸ್ಟ್ರೇಲಿಯನ್ ಸೈನಿಕರ ಎರಡು ಪಕ್ಷಗಳು ತಮ್ಮ ನಾಡಿನ ಈ ಕಾಲ್ಚೆಂಡಾಟವನ್ನು ಆಡಿ ತೋರಿಸಿದುವು. ಒಂದು ಮೂರನೆಯ ಡಿವಿಷನ್ನಿನ ಪಕ್ಷ, ಇನ್ನೊಂದು ಶಿಕ್ಷಣಶಿಬಿರಗಳ ಪಕ್ಷ. ಮುಂದೆ ಎಂಟನೆಯ ಎಡ್ವರ್ಡ್ ಎನಿಸಿದ ರಾಜಕುಮಾರನೂ ನೋಡಲು ಬಂದಿದ್ದನು. ಊರಿನಲ್ಲಿ ಬಯಲಿಗಿಳಿಯಲು ಒಪ್ಪದ ಸಂಘಗಳವರೂ ಒಪ್ಪಿದ ಸಂಘಗಳವರೂ ಸೈನಿಕರಾದ ಮೇಲೆ ಒಂದೇ ಬಯಲಿನಲ್ಲಿ ಆಡಿದರು. ಆಡುವುದು ತಪ್ಪೆಂದವರೂ ಆಟವನ್ನು ಪ್ರೀತಿಸದವರಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮೂರನೆಯ ಡಿವಿಷನ್ನಿನ ನಾಯಕನು ಬ್ರೂಸ್ ಸ್ಲಾಸ್ ಎಂಬಾತ. ಸೌತ್ ಮೆಲ್ಬರ್ನ್ ಸಂಘದ ಹೆಸರಾಂತ ಆಟಗಾರ. ೧೯೧೪ರ ಅಂತಿಮ ಪಂದ್ಯದಲ್ಲಿ ಇದೇ ಕಾರ್ಲ್‌ಟನ್ ತಂಡದ ಎದುರಿಗೆ ಆಡಿ ಆರೇ ಅಂಕಗಳಿಂದ ಸೋಲನ್ನು ಕಂಡವನು. ಲಂಡನ್ನಿನಲ್ಲಿ ಅವನ ಪಕ್ಷ ಗೆದ್ದಿತು. ೧೯೧೭ನೆಯ ಜನವರಿ ೪ರಂದು, ಆ ಪಂದ್ಯ ನಡೆದು ಹತ್ತು ವಾರಗಳೂ ತುಂಬದಿರುವಾಗ, ಫ್ರಾನ್ಸಿನ ಅರ್ಮಾಂಟಿಯೇರ್ ಎಂಬಲ್ಲಿ ಅವನು ಮಡಿದನು. ಅವನಿಗೆ ಆಗ ಮೂವತ್ತು ವರ್ಷವೂ ತುಂಬಿರಲಿಲ್ಲ. ೧೯೧೬ರ ಪಟ್ಟಿಯಲ್ಲಿ ಅವನ ಸಂಘದ ಹೆಸರಿಲ್ಲ. ಅಗ್ರಸ್ಥಾನವನ್ನಾಗಲಿ ಮರದ ಸೌಟನ್ನಾಗಲಿ ಅವರು ಪಡೆಯಲಿಲ್ಲ. ಆದರೆ ಆ ವರ್ಷದ ಲೆಕ್ಕವನ್ನು ಪೂರ್ತಿಯಾಗಿ ಬರೆಯುವವನು ಆ ಬರಿದಾದ ಸಾಲನ್ನೂ ಓದಬೇಕು.

ಹೀಗೆಂದ ಮಾತ್ರಕ್ಕೆ ಆಡಿದ ನಾಲ್ವರನ್ನು ಹಳಿಯಲು ನಮಗೆ ಮನಸ್ಸಿಲ್ಲ. ದುಃಖವನ್ನು ಮೌನದಿಂದ ತಾಳಿಕೊಳ್ಳುವವರುಂಟು, ಕೆಲಸದಿಂದ ತಾಳಿಕೊಳ್ಳುವವರುಂಟು, ನಾಲ್ಕು ಜನರ ನಡುವೆ ಕೂಗಿ ನಕ್ಕು ತಾಳಿಕೊಳ್ಳುವವರೂ ಉಂಟು. ಒಂದೇ ಮನೆಯಲ್ಲಿ ಮೂವರೂ ಇರುತ್ತಾರೆ. ಮೌನಿಯು ನಗುವವನನ್ನು ನಿರ್ದಯನೆಂದೂ, ನಗುವವನು ಮೌನಿಯನ್ನು ಕಪಟಿಯೆಂದೂ ತಿಳಿದಾಗಲೇ ಮನೆ ಒಡೆಯುವುದು. ಮೆಲ್ಬರ್ನಿನ ಸಂಘಗಳಲ್ಲಿ ಕಟುವಾದ ಮಾತುಗಳು ನಡೆದುವು ನಿಜ. ಆದರೆ ಮನೆ ಒಡೆಯಲಿಲ್ಲ. ೧೯೧೭ರಲ್ಲಿ ಸೌತ್ ಮೆಲ್ಬರ್ನ್ ಮತ್ತು ಜೀಲಾಂಗ್ ಹಿಂದಿರುಗಿದುವು. ೧೯೧೮ರಲ್ಲಿ ಎಸೆಂಡನ್ ಮತ್ತು ಸೇಂಟ್ ಕಿಲ್ಡಾ ಬಂದುವು. ಯುದ್ಧ ಮುಗಿದ ಮೇಲೆ ೧೯೧೯ರಲ್ಲಿ ಮೆಲ್ಬರ್ನ್ ಸಂಘವೂ ಬಂದು ಒಂಬತ್ತು ಮತ್ತೆ ಪೂರ್ತಿಯಾದುವು. ಬಾಗಿಲನ್ನು ಯಾರೂ ಮುಚ್ಚಿರಲಿಲ್ಲ. ಬಂದವರನ್ನು ಏಕೆ ಹೋದಿರೆಂದು ಹೊಸ್ತಿಲಲ್ಲಿ ನಿಲ್ಲಿಸಲೂ ಇಲ್ಲ.

ಫಿಟ್ಜರಾಯಿಯ ಮುಂದಿನ ಗತಿಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇವೆ. ಅವರು ೧೯೨೨ರಲ್ಲಿಯೂ ೧೯೪೪ರಲ್ಲಿಯೂ ಇನ್ನೆರಡು ಬಾರಿ ಗೆದ್ದರು. ಅನಂತರ ಗೆಲವು ಅವರ ಕಡೆಗೆ ಮುಖಮಾಡಲಿಲ್ಲ. ೧೯೯೦ರಲ್ಲಿ ಲೀಗಿಗೆ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ ಎಂದು ಹೆಸರು ಬದಲಾಯಿತು. ೧೯೯೬ರ ಋತುವಿನ ಕೊನೆಯಲ್ಲಿ ಹಣದ ಮುಗ್ಗಟ್ಟಿನಿಂದ ಫಿಟ್ಜರಾಯ್ ತಂಡವು ಬ್ರಿಸ್ಬೇನ್ ನಗರದ ತಂಡದೊಡನೆ ಸೇರಿಹೋಯಿತು. ಹಾಗೆ ಹುಟ್ಟಿದ ಬ್ರಿಸ್ಬೇನ್ ಲಯನ್ಸ್ ತಂಡವು ೨೦೦೧ರಿಂದ ಮೂರು ವರ್ಷ ಸತತವಾಗಿಯೂ, ಬಳಿಕ ೨೦೨೪ರಲ್ಲಿಯೂ ಕಿರೀಟ ಧರಿಸಿತು. ಕೇರಿ ಬಿಟ್ಟು ಬಹುದೂರ ಹೋದರೂ ಹಳೆಯ ಮನೆತನದ ಸಿಂಹಲಾಂಛನವನ್ನು ಅವರು ಬಿಟ್ಟಿಲ್ಲ.

ಮಕ್ಕಳ ಪರೀಕ್ಷೆಯ ಪಟ್ಟಿಗಳು ಮನೆಗೆ ಬರುವ ದಿನಗಳಲ್ಲಿ ತಂದೆತಾಯಿಗಳು ಈ ಪ್ರಸಂಗವನ್ನು ನೆನೆಯಬೇಕೆಂದು ನಮ್ಮ ಕೋರಿಕೆ. ಕಡೆಯಲ್ಲಿ ನಿಂತ ಹುಡುಗನಿಗೆ ಅದೇ ಕಡೆಯ ತೀರ್ಪೆಂದು ಹೇಳಬೇಡಿರಿ; ಮುಂದಿನ ಬಾಗಿಲು ತೆರೆದಿದೆಯೆ ಎಂದು ನೋಡಿ ತೋರಿಸಿರಿ. ಮೊದಲಿಗನಾದವನಿಗೆ, ಅಗ್ರಸ್ಥಾನವು ಮರುಸವಾಲಿನ ಹಕ್ಕನ್ನು ಕೊಡುವುದೇ ಹೊರತು ಜಯದ ಹಕ್ಕನ್ನಲ್ಲವೆಂದು ತಿಳಿಯಹೇಳಿರಿ. ಪಟ್ಟಿಯಲ್ಲಿ ಹೆಸರೇ ಇಲ್ಲದ ಹುಡುಗನನ್ನು ಕಂಡರೆ, ನಗುವುದಕ್ಕೆ ಮೊದಲು, ಪರೀಕ್ಷೆಯ ದಿನ ಅವನು ಎಲ್ಲಿದ್ದನೆಂದು ವಿಚಾರಿಸಿರಿ. ಅವನು ತಾಯಿಯ ರೋಗಶಯ್ಯೆಯ ಬಳಿ ಕುಳಿತಿದ್ದಿರಬಹುದು.